ಕ್ರೀಡಾಗುರು ಸೈಯದ್ ಅಬ್ದುಲ್ ರಹೀಮ್

ಶಾಲೆಯ ಗೋಡೆಗಳ ಒಳಗೆ ನಿಂತು ಪಾಠ ಹೇಳುವವರು ಮಾತ್ರ ಗುರುಗಳಲ್ಲ. ಗೋಡೆಯಾಚೆಯ ಬಯಲಿನಲ್ಲಿ ನಿಂತು ಮಕ್ಕಳ ಮೈಯನ್ನೂ ಮನಸ್ಸನ್ನೂ ತಿದ್ದುವವರೂ ಗುರುಗಳೇ. ವಿಜಯಪುರ ಜಿಲ್ಲೆಯ ಹಲಸಂಗಿ ಒಂದು ಸಣ್ಣ ಹಳ್ಳಿ. ಅಲ್ಲಿ ಮಧುರಚೆನ್ನರ ಸುತ್ತ ನೆರೆದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ನಾಡಿಗೆ ನೀಡಿದರು. ಆ ಬಳಗದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಾಲಾ ಶಿಕ್ಷಕರು. ಶಾಲೆಯ ಗಂಟೆ ಬಾರಿಸಿದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಶಿಕ್ಷಕನ ದುಡಿಮೆ ಸಂಬಳದ ವೇಳೆಗೆ ಕಟ್ಟುಬಿದ್ದುದಲ್ಲ ಎಂಬುದನ್ನು ಹಲಸಂಗಿಯ ಸೀಮೆ ಬಹುಕಾಲದಿಂದ ಬಲ್ಲದು.

ಆ ಸೀಮೆಯಿಂದ ಭೀಮಾನದಿಯನ್ನು ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಇಂದು ನದಿಯ ಎರಡು ದಂಡೆಗಳೂ ಕರ್ನಾಟಕಕ್ಕೆ ಸೇರಿವೆ. ಆದರೆ 1956ಕ್ಕೆ ಮೊದಲು ಈಚೆಯ ದಂಡೆ ಮುಂಬಯಿಯ ಆಡಳಿತಕ್ಕೂ ಆಚೆಯ ದಂಡೆ ಹೈದರಾಬಾದಿಗೂ ಒಳಪಟ್ಟಿದ್ದವು. ಆ ಹೈದರಾಬಾದ್ ನಗರದಲ್ಲಿ ಶಾಲಾ ಶಿಕ್ಷಕರೊಬ್ಬರಿದ್ದರು. ಅವರ ಗುರುತನವೂ ಶಾಲೆಯ ಗೋಡೆಗಳನ್ನು ದಾಟಿ ಹರಿಯಿತು. ಅವರು ಕೈಗೆತ್ತಿಕೊಂಡದ್ದು ಹಾಡನ್ನಲ್ಲ, ಚೆಂಡನ್ನು. ಹೈಸ್ಕೂಲಿನ ಹುಡುಗರಿಗೆ ಆಟ ಕಲಿಸುತ್ತಿದ್ದ ಅವರು ಮುಂದೆ ಭಾರತದ ಫುಟ್‌ಬಾಲ್ ತಂಡವನ್ನು ಏಷ್ಯದಲ್ಲೇ ಅಗ್ರಸ್ಥಾನಕ್ಕೆ ಏರಿಸಿದರು. ಆಟಗಾರರೆಲ್ಲ ರಹೀಮ್ ಸಾಹೇಬರೆಂದು ಗೌರವದಿಂದ ಕರೆಯುತ್ತಿದ್ದ ಆ ಮಹನೀಯರೇ ಸೈಯದ್ ಅಬ್ದುಲ್ ರಹೀಮ್.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಪದವಿ ಪಡೆದರು. ಫುಟ್‌ಬಾಲ್ ಅವರಿಗೆ ಎಳವೆಯಿಂದಲೂ ಅಚ್ಚುಮೆಚ್ಚು. ವಿಶ್ವವಿದ್ಯಾಲಯದ ತಂಡದಲ್ಲಿಯೂ, ಅನಂತರ ನಗರದ ಕಮರ್ ಕ್ಲಬ್ಬಿನ ತಂಡದಲ್ಲಿಯೂ ಆಡಿ ಅವರು ಒಳ್ಳೆಯ ಆಟಗಾರರೆನಿಸಿಕೊಂಡರು. ಆದರೆ ಆಟವನ್ನು ನಂಬಿ ಬದುಕು ಕಟ್ಟಿಕೊಳ್ಳಬಹುದಾದ ಕಾಲ ಅದಾಗಿರಲಿಲ್ಲ. ರಹೀಮರು ಶಿಕ್ಷಕ ವೃತ್ತಿಯನ್ನು ಆರಿಸಿಕೊಂಡರು.

ಕಾಚಿಗುಡದ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲು ಹೀಗೆ ಹೈದರಾಬಾದಿನ ಹಲವು ಶಾಲೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಕ್ರೀಡೆಗಳ ಹೊಣೆಯನ್ನು ಪೂರ್ಣವಾಗಿ ವಹಿಸಿಕೊಂಡರು. ಕಲಿಸುವುದು ಒಂದು ಶಾಸ್ತ್ರ. ಗಣಿತಕ್ಕೂ ವ್ಯಾಕರಣಕ್ಕೂ ಇರುವಂತೆ ಆಟಕ್ಕೂ ಒಂದು ಕ್ರಮವುಂಟು. ಸುಲಭದಿಂದ ಕಠಿಣಕ್ಕೆ, ಬಿಡಿಯಿಂದ ಇಡಿಗೆ ಸಾಗಬೇಕು. ಈ ತಿಳಿವಳಿಕೆಯನ್ನು ಅವರು ಮೈದಾನಕ್ಕೆ ತಂದದ್ದು ಶಾಲೆಯಿಂದ. ಮುಂದೆ ಅವರು ಎಷ್ಟು ದೊಡ್ಡ ತಂಡಗಳಿಗೆ ಮಾರ್ಗದರ್ಶಕರಾದರೂ ಅವರೊಳಗಿನ ಶಾಲಾ ಶಿಕ್ಷಕ ಮರೆಯಾಗಲಿಲ್ಲ.

1943ರಲ್ಲಿ ರಹೀಮರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕಡೆಯ ಉಸಿರಿನವರೆಗೂ ಆ ಹೊಣೆಯನ್ನು ನಿರ್ವಹಿಸಿದರು. ಆಟಗಾರರನ್ನು ಹುಡುಕುವುದು, ಪಂದ್ಯಗಳನ್ನು ಏರ್ಪಡಿಸುವುದು, ಚೆದುರಿಹೋಗಿದ್ದ ತಂಡಗಳನ್ನು ಒಂದು ವ್ಯವಸ್ಥೆಗೆ ತರುವುದು ಇವೆಲ್ಲ ಅವರ ನಿತ್ಯದ ಕಾರ್ಯಗಳಾದವು. ನಗರದ ಪೋಲೀಸ್ ತಂಡವೂ ಅವರ ಶಿಕ್ಷಣದಲ್ಲಿ ಬೆಳೆಯಿತು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿ ಆಗ ದೇಶದ ಬಹು ಪ್ರತಿಷ್ಠಿತ ಪಂದ್ಯಾವಳಿಗಳಲ್ಲಿ ಒಂದು. 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಹೈದರಾಬಾದಿನ ಪೋಲೀಸ್ ತಂಡ ಆ ಕಪ್ಪನ್ನು ಗೆದ್ದುಕೊಂಡಿತು. ಆವರೆಗೆ ಭಾರತದಲ್ಲಿ ಫುಟ್‌ಬಾಲ್ ಎಂದರೆ ಕಲ್ಕತ್ತೆ ಎಂದೇ ಜನ ಎಣಿಸಿದ್ದರು. ದಕ್ಷಿಣದ ಈ ತಂಡ ಆ ಎಣಿಕೆಯನ್ನು ಬದಲಿಸಿತು.

ಈ ಯಶಸ್ಸಿನ ಗುಟ್ಟೇನು? ರಹೀಮರು ಕಲಿಸುತ್ತಿದ್ದ ರೀತಿಯನ್ನು ನೋಡಿದರೆ ಅದು ತಿಳಿಯುತ್ತದೆ. ಸಾಮಾನ್ಯವಾಗಿ ಆಟಗಾರನಿಗೆ ಬಲಗಾಲಿನ ಮೇಲೆ ಹೆಚ್ಚು ಹಿಡಿತವಿರುತ್ತದೆ. ಚೆಂಡು ಎಡಕ್ಕೆ ಬಂದಾಗಲೂ ಅವನು ಅದನ್ನು ಬಲಗಾಲಿಗೆ ಎಳೆದುಕೊಳ್ಳಲು ಹವಣಿಸುತ್ತಾನೆ. ಆ ಒಂದು ಕ್ಷಣದಲ್ಲಿ ಎದುರಾಳಿ ಮೇಲೆ ಬೀಳುತ್ತಾನೆ, ಅವಕಾಶ ಕೈತಪ್ಪುತ್ತದೆ. ಇದನ್ನು ಮನಗಂಡ ರಹೀಮರು ದುರ್ಬಲ ಪಾದದ ಪಂದ್ಯಗಳನ್ನು ಏರ್ಪಡಿಸಿದರು. ಅಲ್ಲಿ ಆಟಗಾರರು ತಮಗೆ ಬಲವಿಲ್ಲದ ಕಾಲಿನಿಂದಲೇ ಆಡಬೇಕು. ಬಲಗಾಲಿನ ನಿಪುಣರು ಅಲ್ಲಿ ತಡವರಿಸಿದರು, ಗುರಿ ತಪ್ಪಿದರು. ಆದರೆ ದಿನಗಳು ಉರುಳಿದಂತೆ ಆ ಬಲವಿಲ್ಲದ ಕಾಲು ತಾನೂ ಒಂದು ಕಾಲೆಂಬುದನ್ನು ಕಲಿತಿತು.

ಹಾಗೆಯೇ ಚೆಂಡನ್ನು ಕಾಲಲ್ಲೇ ಇರಿಸಿಕೊಂಡು ಒಬ್ಬನೇ ಓಡುವುದನ್ನು ನಿಷೇಧಿಸಿದ ಪಂದ್ಯಗಳನ್ನೂ ಅವರು ನಡೆಸಿದರು. ನಮ್ಮ ಆಟಗಾರರಿಗೆ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ತಪ್ಪಿಸಿ ಮುನ್ನುಗ್ಗುವುದರಲ್ಲಿ ಬಹಳ ಉತ್ಸಾಹ. ನೋಡುವವರಿಗೂ ಅದು ಸೊಗಸು. ಆದರೆ ಆ ಚಮತ್ಕಾರದಲ್ಲಿ ಎಷ್ಟೋ ಸಲ ತಂಡಕ್ಕೆ ನಷ್ಟವಾಗುತ್ತದೆ. ಒಬ್ಬ ಆಟಗಾರನ ಓಟಕ್ಕಿಂತ ಚೆಂಡಿನ ಓಟ ವೇಗವಾದುದು. ಆದುದರಿಂದ ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಿ, ತಾನು ತೆರವಾದ ಜಾಗಕ್ಕೆ ಓಡಬೇಕು. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಚೆಂಡು ಹರಿಯುತ್ತಲೇ ಇರಬೇಕು. ನಾನು ಎಂಬುದನ್ನು ಬಿಟ್ಟು ನಾವು ಎಂಬುದನ್ನು ರೂಢಿಸಿಕೊಳ್ಳುವ ಪಾಠ ಇದು. ಈ ಪಾಠವನ್ನು ರಹೀಮರು ಉಪದೇಶದಿಂದ ಹೇಳಲಿಲ್ಲ. ಆಟದ ನಿಯಮವನ್ನೇ ಬದಲಿಸಿ, ಅದನ್ನು ಕಲಿಯದೆ ಗತ್ಯಂತರವಿಲ್ಲದಂತೆ ಮಾಡಿದರು.

ಪ್ರತಿಭೆಯನ್ನು ಗುರುತಿಸುವ ಕಣ್ಣು ಅವರಿಗಿತ್ತು. ಗುರುತಿಸಿದ ಮೇಲೆ ಕೈಹಿಡಿಯುವ ಕರುಣೆಯೂ ಇತ್ತು. ಸಿಕಂದರಾಬಾದಿನ ಬಳಿಯ ಅಮ್ಮುಗುಡ ಎಂಬ ಊರಿನಲ್ಲಿ ತುಳಸೀದಾಸ್ ಬಲರಾಮ್ ಎಂಬ ಬಡ ಹುಡುಗನಿದ್ದ. ಅವನ ಆಟವನ್ನು ಕಂಡ ರಹೀಮರು ಹೈದರಾಬಾದ್ ತಂಡದ ಅಭ್ಯಾಸಕ್ಕೆ ಬರುವಂತೆ ಅವನನ್ನು ಕರೆದರು. ಹುಡುಗನಿಗೆ ಆಸೆಯಿತ್ತು. ಆದರೆ ಅಷ್ಟು ದೂರದ ಮೈದಾನಕ್ಕೆ ನಿತ್ಯ ಬಂದುಹೋಗಲು ಕೈಯಲ್ಲಿ ಕಾಸಿರಲಿಲ್ಲ. ಅದನ್ನು ತಿಳಿದ ರಹೀಮರು ಬಾಡಿಗೆಯ ಸೈಕಲ್ಲಿಗೆಂದು ಅವನಿಗೆ ದಿನಕ್ಕೊಂದು ರೂಪಾಯಿ ದೊರೆಯುವಂತೆ ಮಾಡಿದರು. ಆ ಬಾಡಿಗೆಯ ಸೈಕಲ್ ತುಳಿದುಕೊಂಡು ಬಂದ ಹುಡುಗ ಮುಂದೆ ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದ. ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬನೆಂದು ಹೆಸರಾದ. ಒಂದು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಅದು ಸಕಾಲಕ್ಕೆ ದೊರೆಯದೆ ಹೋಗಿದ್ದರೆ ಆ ಪ್ರತಿಭೆ ಅಮ್ಮುಗುಡದ ಬಯಲಿನಲ್ಲೇ ಬಾಡಿಹೋಗುತ್ತಿತ್ತು.

ಹೈದರಾಬಾದಿನಲ್ಲಿ ಗಳಿಸಿದ ಕೀರ್ತಿ ರಹೀಮರನ್ನು ರಾಷ್ಟ್ರೀಯ ತಂಡದ ಬಳಿಗೆ ಕರೆತಂದಿತು. 1951ರಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ನವದೆಹಲಿಯಲ್ಲಿ ಜರುಗಿತು. ಶೈಲೇನ್ ಮನ್ನಾ ಅವರ ನಾಯಕತ್ವದ ಭಾರತ ತಂಡಕ್ಕೆ ರಹೀಮರೇ ಶಿಕ್ಷಕರು. ಅಂತಿಮ ಪಂದ್ಯದಲ್ಲಿ ಭಾರತ ಇರಾನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಆ ಗೋಲನ್ನು ಗಳಿಸಿದವರು ಸಾಹು ಮೇವಾಲಾಲ್. ಸ್ವತಂತ್ರ ಭಾರತದ ಕೊರಳಿಗೆ ಚಿನ್ನದ ಪದಕ ಬಿದ್ದಿತು.

ಗೆಲುವಿನ ಬೆನ್ನಿಗೇ ಕಹಿಯಾದ ಸೋಲೂ ಕಾದಿತ್ತು. 1952ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಭಾರತ ಯುಗೊಸ್ಲಾವಿಯಾ ತಂಡವನ್ನು ಎದುರಿಸಿತು. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿ ರೂಢಿಯಾದವರು. ನಮ್ಮ ಒಣ ನೆಲದ ಮೈದಾನಗಳಲ್ಲಿ ಅದು ನಡೆಯುತ್ತಿತ್ತು. ಆದರೆ ಆ ಶೀತದೇಶದ ಹುಲ್ಲಿನ ಮೇಲೆ, ಬೂಟು ತೊಟ್ಟ ಬಲಾಢ್ಯರ ಎದುರಿಗೆ ಬರಿಗಾಲು ನಿಲ್ಲಲಾರದೆ ಹೋಯಿತು. ಭಾರತ ಒಂದಕ್ಕೆ ಹತ್ತು ಗೋಲುಗಳಿಂದ ಸೋತಿತು. ನಮ್ಮ ಕಡೆಯ ಆ ಒಂದೇ ಒಂದು ಗೋಲನ್ನು ಗಳಿಸಿದವರು ಬೆಂಗಳೂರಿನ ಅಹಮದ್ ಖಾನ್.

ಸೋಲು ಎಲ್ಲರಿಗೂ ಬರುತ್ತದೆ. ಸೋಲಿನಿಂದ ಏನು ಮಾಡುತ್ತೇವೆ ಎಂಬುದರಲ್ಲಿ ಮನುಷ್ಯನ ಸತ್ವ ತಿಳಿಯುತ್ತದೆ. ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಒಳ್ಳೆಯ ಶಿಕ್ಷಕ ಹರಿದೆಸೆಯುವುದಿಲ್ಲ. ತಪ್ಪು ಎಲ್ಲಿ ಆಯಿತೆಂದು ಸಾಲುಸಾಲಾಗಿ ನೋಡುತ್ತಾನೆ. ಹೆಲ್ಸಿಂಕಿಯ ಪೆಟ್ಟು ಭಾರತದ ಫುಟ್‌ಬಾಲಿಗೆ ಅಂಥ ಉತ್ತರ ಪತ್ರಿಕೆಯಾಯಿತು. ಅಂದಿನಿಂದ ಆಟಗಾರರು ಬೂಟು ಧರಿಸುವುದು ಕಡ್ಡಾಯವಾಯಿತು. ಇತ್ತ ರಹೀಮರು ತಂಡದ ಕಟ್ಟಣೆಯ ಕಡೆಗೂ ಗಮನ ಹರಿಸಿದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಆಟಗಾರರನ್ನು ನಿಲ್ಲಿಸುವ ಪದ್ಧತಿಯನ್ನು 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತಂಡ ಲೋಕಪ್ರಸಿದ್ಧಗೊಳಿಸಿತು. ಆ ಪದ್ಧತಿಯನ್ನು ಭಾರತದಲ್ಲಿ ಮೊದಮೊದಲು ಅಳವಡಿಸಿಕೊಂಡವರಲ್ಲಿ ರಹೀಮರು ಒಬ್ಬರು. ದೇಹಬಲದಲ್ಲಿ ಯೂರೋಪಿನವರಿಗೆ ಸಮನಾಗಲು ಸಾಧ್ಯವಿಲ್ಲದಿದ್ದರೆ ವೇಗದಲ್ಲಿ, ಹೊಂದಾಣಿಕೆಯಲ್ಲಿ, ಬುದ್ಧಿಯಲ್ಲಿ ಅವರನ್ನು ಸರಿಗಟ್ಟಬೇಕು. ಇದು ಅವರು ಹಿಡಿದ ದಾರಿಯಾಗಿತ್ತು.

ಈ ಸಾಧನೆಯ ಫಲ 1956ರಲ್ಲಿ ಕಾಣಿಸಿತು. ಆ ವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು, ಭೀಮೆಯ ಎರಡು ದಂಡೆಗಳ ಕನ್ನಡಿಗರು ಒಂದೇ ರಾಜ್ಯಕ್ಕೆ ಸೇರಿದರು. ಅದೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಲಿಂಪಿಕ್ ಕೂಟ ಆರಂಭವಾಯಿತು. ರಹೀಮರು ಕರೆದೊಯ್ದ ತಂಡದಲ್ಲಿ ಹೈದರಾಬಾದಿನ ಅವರ ಶಿಷ್ಯರಿದ್ದರು, ಬಂಗಾಳದವರಿದ್ದರು, ಮುಂಬಯಿಯವರಿದ್ದರು, ಕನ್ನಡ ನಾಡಿನ ಕೆಂಪಯ್ಯನವರೂ ಇದ್ದರು. ಮೊದಲ ಪಂದ್ಯದಲ್ಲಿ ಹಂಗೆರಿ ಕಣಕ್ಕಿಳಿಯದ ಕಾರಣ ಭಾರತ ಮುಂದಿನ ಸುತ್ತಿಗೆ ಸಾಗಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ ನಾಲ್ಕಕ್ಕೆ ಎರಡು ಗೋಲುಗಳಿಂದ ಸೋಲಿಸಿತು. ನೆವಿಲ್ ಡಿಸೋಜಾ ಅಂದು ಮೂರು ಗೋಲುಗಳನ್ನು ಬಾರಿಸಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಗಳಿಸಿದ ಮೊದಲ ಏಷ್ಯದ ಆಟಗಾರರು ಅವರು.

ಉಪಾಂತ್ಯ ಪಂದ್ಯದಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯಾ! ಮೊದಲ ಗೋಲು ಭಾರತದ್ದೇ ಆಯಿತು. ಆಮೇಲೆ ಯುಗೊಸ್ಲಾವಿಯಾ ನಾಲ್ಕು ಗೋಲುಗಳನ್ನು ಗಳಿಸಿ ಗೆದ್ದಿತು. ಮೂರನೆಯ ಸ್ಥಾನದ ಪಂದ್ಯದಲ್ಲಿಯೂ ಬಲ್ಗೇರಿಯಾದ ಎದುರು ಸೋತ ಭಾರತಕ್ಕೆ ಪದಕ ದೊರೆಯಲಿಲ್ಲ. ನಾಲ್ಕನೆಯ ಸ್ಥಾನ ದೊರೆಯಿತು. ಆದರೆ ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲುಗಳನ್ನು ಬಿಟ್ಟುಕೊಟ್ಟ ತಂಡ ಅದೇ ಎದುರಾಳಿಯ ಮೇಲೆ ಮೊದಲ ಗೋಲು ಹೊಡೆದು ತಲೆಯೆತ್ತಿ ಆಡಿತ್ತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲಿನ ಸ್ಥಾನವನ್ನು ಹಿಂದೆಯೂ ಪಡೆದಿರಲಿಲ್ಲ, ಅನಂತರವೂ ಪಡೆದಿಲ್ಲ. 1960ರ ರೋಮ್ ಒಲಿಂಪಿಕ್ ಕೂಟದಲ್ಲಿ ಭಾರತ ಮೊದಲ ಸುತ್ತನ್ನು ದಾಟಲಿಲ್ಲವಾದರೂ ಫ್ರಾನ್ಸಿನೊಡನೆ ಸಮ ಮಾಡಿಕೊಂಡಿತು. ಹಂಗೆರಿಯಂಥ ಪ್ರಬಲ ತಂಡಕ್ಕೆ ಒಂದೇ ಗೋಲಿನ ಅಂತರದಲ್ಲಿ ಸೋತಿತು. ಆ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು.

ಇನ್ನು ಉಳಿದದ್ದು ಅವರ ಬಾಳಿನ ಕೊನೆಯ ಹಾಗೂ ಅತ್ಯಂತ ಕಠಿಣವಾದ ಪಂದ್ಯ. 1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತ ನಗರದಲ್ಲಿ ಏರ್ಪಟ್ಟಿತು. ಆ ವೇಳೆಗೆ ರಹೀಮರ ಪುಪ್ಪುಸಕ್ಕೆ ಕ್ಯಾನ್ಸರ್ ರೋಗ ತಗುಲಿತ್ತು. ದೇಹ ದಿನದಿನಕ್ಕೆ ಕ್ಷೀಣಿಸುತ್ತಿತ್ತು. ಆದರೂ ಅವರು ತಂಡದೊಡನೆ ಹೊರಟರು.

ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಾಕ್ಕೆ ಎರಡು ಗೋಲುಗಳಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಥಾಯ್‌ಲೆಂಡನ್ನು ಸೋಲಿಸಿತಾದರೂ ರಕ್ಷಣಾಸಾಲಿನ ಆಧಾರಸ್ತಂಭದಂತಿದ್ದ ಜರ್ನೈಲ್ ಸಿಂಗರ ತಲೆಗೆ ಬಲವಾದ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ಅವರಿಲ್ಲದೆಯೇ ಭಾರತ ಜಪಾನನ್ನು ಮಣಿಸಿ ಉಪಾಂತ್ಯವನ್ನು ತಲುಪಿತು. ಗಾಯಗೊಂಡ ತಲೆಯಿಂದ ರಕ್ಷಣಾಸಾಲಿನಲ್ಲಿ ನಿಂತು ಚೆಂಡನ್ನು ತಡೆಯುವುದು ಅಪಾಯ. ಅಂಥ ಆಟಗಾರನನ್ನು ಬಿಟ್ಟು ಆಡುವುದೂ ಕಷ್ಟ. ಜರ್ನೈಲರು ಹಿಂದೆ ಕಾಲೇಜಿನ ದಿನಗಳಲ್ಲಿ ಮುಂಚೂಣಿಯಲ್ಲಿ ಆಡಿದವರೆಂಬುದು ರಹೀಮರಿಗೆ ತಿಳಿದಿತ್ತು. ಅವರು ಯಾರೂ ನಿರೀಕ್ಷಿಸದ ನಿರ್ಧಾರ ಕೈಗೊಂಡರು. ಹಿಂದೆ ನಿಲ್ಲುವವರನ್ನು ಮುಂದಕ್ಕೆ ಕಳುಹಿಸಿದರು. ತಲೆಗೆ ಪಟ್ಟಿ ಕಟ್ಟಿಕೊಂಡೇ ಕಣಕ್ಕಿಳಿದ ಜರ್ನೈಲ್ ಸಿಂಗರು ದಕ್ಷಿಣ ವಿಯೆಟ್ನಾಮಿನ ವಿರುದ್ಧ ಒಂದು ಗೋಲು ಗಳಿಸಿದರು. ಭಾರತ ಮೂರಕ್ಕೆ ಎರಡು ಗೋಲುಗಳಿಂದ ಗೆದ್ದು ಅಂತಿಮ ಪಂದ್ಯಕ್ಕೆ ಸಾಗಿತು.

ಈ ನಡುವೆ ಮೈದಾನದ ಹೊರಗೂ ಒಂದು ಸಂಕಟ ಬೆಳೆದಿತ್ತು. ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳಿಗೆ ಇಂಡೋನೇಷ್ಯಾ ಪ್ರವೇಶ ನೀಡಿರಲಿಲ್ಲ. ಒಲಿಂಪಿಕ್ ಸಮಿತಿಯ ಭಾರತೀಯ ಸದಸ್ಯರಾದ ಗುರುದತ್ತ ಸೋಂಧಿಯವರು ಇದನ್ನು ಆಕ್ಷೇಪಿಸಿದರು. ಅದರಿಂದ ಅಲ್ಲಿಯ ಜನ ಭಾರತದ ಮೇಲೆ ರೊಚ್ಚಿಗೆದ್ದರು. ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ನಡೆಯಿತು. ಭಾರತದ ಆಟಗಾರರು ಬೀದಿಯಲ್ಲಿ ನಿರ್ಭಯವಾಗಿ ಓಡಾಡುವಂತಿರಲಿಲ್ಲ. ಇಂಥ ಬಿಗುವಿನ ದಿನಗಳಲ್ಲಿ ರಹೀಮರು ತಮ್ಮ ಹುಡುಗರ ಮನಸ್ಸು ಕದಡದಂತೆ ಕಾಪಾಡಿದರು. ಅಂತಿಮ ಪಂದ್ಯದ ಹಿಂದಿನ ದಿನ ಅವರನ್ನು ಕೂಡಿಸಿಕೊಂಡು ತಮಗೊಂದು ಕಾಣಿಕೆ ಬೇಕೆಂದು ಕೇಳಿದರು. ಆ ಕಾಣಿಕೆ ಬೇರೇನೂ ಅಲ್ಲ, ದೇಶಕ್ಕೆ ಚಿನ್ನದ ಪದಕ. ಜೀವನದಲ್ಲಿ ಶಿಷ್ಯರಿಗೆ ಕೊಡುವುದನ್ನಷ್ಟೇ ಬಲ್ಲ ಗುರು ಅಂದು ಶಿಷ್ಯರಲ್ಲಿ ಬೇಡಿದರು.

1962ರ ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಾಳಿ ಮೊದಲ ದಿನ ಸೋಲಿಸಿದ್ದ ದಕ್ಷಿಣ ಕೊರಿಯಾ. ಕ್ರೀಡಾಂಗಣದಲ್ಲಿ ನೆರೆದಿದ್ದ ಸುಮಾರು ಒಂದು ಲಕ್ಷ ಜನರು ಭಾರತದ ಆಟಗಾರರನ್ನು ಕಂಡೊಡನೆ ಕೂಗಿ ಹಳಿದರು. ಆ ಜನಸಾಗರದಲ್ಲಿ ಭಾರತದ ಪರವಾಗಿ ದನಿಯೆತ್ತಿದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರೆಂಬುದು ನೆನೆಯಬೇಕಾದ ಸಂಗತಿ. ಪಂದ್ಯ ಆರಂಭವಾಗಿ ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿಯವರು ಮೊದಲ ಗೋಲು ಗಳಿಸಿದರು. ಮೂರೇ ನಿಮಿಷಗಳ ಬಳಿಕ ಪಟ್ಟಿ ಕಟ್ಟಿದ ತಲೆಯ ಜರ್ನೈಲ್ ಸಿಂಗರು ಎರಡನೆಯ ಗೋಲು ಹೊಡೆದರು. ಜ್ವರದಿಂದ ಆಗತಾನೇ ಎದ್ದಿದ್ದ ಗೋಲಿ ಪೀಟರ್ ತಂಗರಾಜರು ಭಾರತದ ಗೋಲನ್ನು ಕಾದರು. ಪಂದ್ಯ ಮುಗಿಯುವ ಕೆಲವು ನಿಮಿಷ ಮೊದಲು ಕೊರಿಯಾ ಒಂದು ಗೋಲನ್ನು ಗಳಿಸಿತು. ಅದು ಸಾಲಲಿಲ್ಲ. ಚುನಿ ಗೋಸ್ವಾಮಿಯವರ ನಾಯಕತ್ವದ ಭಾರತ ತಂಡ ಎರಡನೆಯ ಬಾರಿಗೆ ಏಷ್ಯದ ಚಿನ್ನವನ್ನು ಗೆದ್ದಿತು. ಗುರುದಕ್ಷಿಣೆ ಸಂದಿತು.

ಜಕಾರ್ತದಿಂದ ಮರಳಿದ ಮೇಲೆ ರಹೀಮರು ಚೇತರಿಸಿಕೊಳ್ಳಲಿಲ್ಲ. 1963ರ ಜೂನ್ 11ರಂದು ಅವರು ಇಹಲೋಕ ತ್ಯಜಿಸಿದರು. ಆಗ ಅವರಿಗೆ ಇನ್ನೂ ಐವತ್ಮೂರು ವರ್ಷ. ಅವರು ಹೋದ ಮೇಲೆ ಭಾರತದ ಫುಟ್‌ಬಾಲ್ ಆ ಎತ್ತರವನ್ನು ಮತ್ತೆ ಮುಟ್ಟಲಿಲ್ಲ. 1970ರಲ್ಲಿ ಬ್ಯಾಂಕಾಕಿನ ಕೂಟದಲ್ಲಿ ಕಂಚಿನ ಪದಕ ದೊರೆತುದನ್ನು ಬಿಟ್ಟರೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಪದಕ ಬರಲಿಲ್ಲ. ಅವರ ಶಿಷ್ಯರಾದ ಪಿ. ಕೆ. ಬ್ಯಾನರ್ಜಿಯವರು ತಾವೂ ಹೆಸರಾಂತ ತರಬೇತುದಾರರಾಗಿ ಗುರುವಿನ ಪರಂಪರೆಯನ್ನು ಮುಂದುವರಿಸಿದರು. ಆದರೆ ನಾಡಿನ ಜನಸಾಮಾನ್ಯರು ರಹೀಮರನ್ನು ಬಹುಕಾಲ ಮರೆತೇ ಇದ್ದರು. 2024ರಲ್ಲಿ ತೆರೆಕಂಡ ಒಂದು ಹಿಂದಿ ಚಲನಚಿತ್ರ ಅವರ ಹೆಸರನ್ನು ಹೊಸ ತಲೆಮಾರಿಗೆ ಪರಿಚಯಿಸಿತು.

ರಹೀಮರು ಪದಕ ಧರಿಸಿ ವೇದಿಕೆಯ ಮೇಲೆ ನಿಂತವರಲ್ಲ, ನಿಲ್ಲುವವರನ್ನು ಸಿದ್ಧಗೊಳಿಸಿದವರು. ಪದಕದ ಮೇಲೆ ಶಿಕ್ಷಕನ ಹೆಸರು ಕೆತ್ತಿರುವುದಿಲ್ಲ. ರೈತ ನೆಟ್ಟ ಬೇವಿನ ನೆರಳಿನಲ್ಲಿ ಕುಳಿತವರು ನೆಟ್ಟವನ ಹೆಸರನ್ನು ಕೇಳದಿದ್ದರೂ ನೆರಳು ತಂಪಾಗಿಯೇ ಇರುತ್ತದೆ. ಗುರುವಿನ ಬಾಳೂ ಹಾಗೆಯೇ.

ಇಂದೂ ಸಂಜೆಯ ಹೊತ್ತಿನಲ್ಲಿ ನಮ್ಮ ಊರುಗಳ ಶಾಲೆಯ ಬಯಲುಗಳಲ್ಲಿ ಧೂಳೆಬ್ಬಿಸುತ್ತ ಮಕ್ಕಳು ಚೆಂಡಾಡುತ್ತಾರೆ. ಅವರೆಲ್ಲರೂ ದೇಶದ ತಂಡವನ್ನು ಸೇರಲಾರರು, ಸೇರಬೇಕೆಂದೂ ಇಲ್ಲ. ಆದರೆ ದುರ್ಬಲ ಪಾದದ ಪಾಠ ಪ್ರತಿಯೊಬ್ಬರಿಗೂ ಬೇಕಾದದ್ದು. ಗಣಿತ ಬಾರದವನು ಗಣಿತದಿಂದ, ಸಭೆಯಲ್ಲಿ ಮಾತನಾಡಲು ಅಂಜುವವಳು ಸಭೆಯಿಂದ ಓಡಿಹೋಗುವುದು ಸುಲಭ. ನಮಗೆ ಬಲವಿರುವ ಕಡೆಗೇ ವಾಲುತ್ತ ಹೋದರೆ ಬಲವಿಲ್ಲದ ಕಡೆ ಎಂದಿಗೂ ಬಲಗೊಳ್ಳದು. ಅದರ ಮೇಲೆಯೇ ನಾಲ್ಕು ದಿನ ಭಾರ ಹಾಕಿ ನಿಂತರೆ ಅದೂ ನಮ್ಮನ್ನು ಹೊರುತ್ತದೆ. ಹೈದರಾಬಾದಿನ ಆ ಶಾಲಾ ಶಿಕ್ಷಕರು ತಮ್ಮ ಹುಡುಗರಿಗೆ ಕಲಿಸಿದ್ದು ಇದನ್ನೇ. ತಮ್ಮ ದುರ್ಬಲಗೊಂಡ ದೇಹವನ್ನು ಜಕಾರ್ತದವರೆಗೆ ಹೊತ್ತು ಬಾಳಿ ತೋರಿಸಿದ್ದೂ ಇದನ್ನೇ.